ಗಂಭೀರ ಮುಖದ ಹಾಸ್ಯ

ಕೇಳುಗರೆ, ನಮಸ್ಕಾರ. 1997ರಲ್ಲಿ ಚಿತ್ರದುರ್ಗ ಜಿಲ್ಲೆಯನ್ನು ವಿಭಜಿಸಿ ದಾವಣಗೆರೆ ಜಿಲ್ಲೆಯನ್ನು ರಚಿಸಿದಾಗ, ಜಗಳೂರು ತಾಲ್ಲೂಕಿನಲ್ಲಿರುವ ನಮ್ಮ ಜಮೀನಿನ ಕಡತವೊಂದು ನಡುದಾರಿಯಲ್ಲಿ ಸಿಕ್ಕಿಕೊಂಡಿತು. ದುರ್ಗದ ಕಚೇರಿಯಲ್ಲಿ ವಿಚಾರಿಸಿದರೆ "ಕಡತ ರವಾನೆಯಾಗಿದೆ" ಎನ್ನುತ್ತಿದ್ದರು, ದಾವಣಗೆರೆಗೆ ಹೋಗಿ ಕೇಳಿದರೆ "ಸ್ವೀಕೃತವಾಗಿಲ್ಲ" ಎನ್ನುತ್ತಿದ್ದರು. ಇಬ್ಬರು ಗುಮಾಸ್ತರೂ ಸುಳ್ಳಾಡಲಿಲ್ಲ. ಇಬ್ಬರ ಮುಖದಲ್ಲಿಯೂ ಒಂದು ಗೆರೆ ಅಲುಗಲಿಲ್ಲ. ಮುಂದೆ 'ಯೆಸ್ ಮಿನಿಸ್ಟರ್' ಎಂಬ ಬ್ರಿಟಿಷ್ ಹಾಸ್ಯ ಧಾರಾವಾಹಿಯನ್ನು ನೋಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಎರಡು ಮುಖಗಳು.

ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ಈ ಧಾರಾವಾಹಿಯು 1980ರಲ್ಲಿ ಬಿಬಿಸಿಯಲ್ಲಿ ಆರಂಭವಾಯಿತು. ಮಂತ್ರಿ ಜಿಮ್ ಹ್ಯಾಕರ್ ಆಡಳಿತವನ್ನು ತಿದ್ದಲು ಹೊರಡುತ್ತಾನೆ. ಅವನ ಇಲಾಖೆಯ ಕಾರ್ಯದರ್ಶಿ ಸರ್ ಹಂಫ್ರಿ, ಅತ್ಯಂತ ವಿನಯದಿಂದ, ಏನೂ ತಿದ್ದುಪಡಿಯಾಗದಂತೆ ನೋಡಿಕೊಳ್ಳುತ್ತಾನೆ. ಒಂದು ಕಂತಿನಲ್ಲಿ ಹೊಸ ಆಸ್ಪತ್ರೆಯೊಂದರ ಪ್ರಸ್ತಾಪ ಬರುತ್ತದೆ. ಅಲ್ಲಿ ಸುಮಾರು 500 ಮಂದಿ ಆಡಳಿತ ಮತ್ತು ಸಹಾಯಕ ಸಿಬ್ಬಂದಿ ಇದ್ದಾರೆ, ರೋಗಿ ಮಾತ್ರ ಒಬ್ಬನೂ ಇಲ್ಲ. ಮಂತ್ರಿ ಗಾಬರಿಯಾಗುತ್ತಾನೆ. ಅಧಿಕಾರಿಗಳಿಗಾದರೋ ಅದು ದೇಶದ ಅತ್ಯುತ್ತಮ ಆಸ್ಪತ್ರೆಗಳಲ್ಲಿ ಒಂದು. ಸ್ವಚ್ಛತೆಯ ಪ್ರಶಸ್ತಿಗೂ ಅದರ ಹೆಸರು ಪರಿಗಣನೆಯಲ್ಲಿದೆ. ಈ ಮಾತನ್ನು ಹೇಳುವವರು ತುಟಿಯಂಚಿನಲ್ಲಿ ಒಮ್ಮೆ ನಕ್ಕಿದ್ದರೂ ಅದು ಬರಿಯ ಕುಚೋದ್ಯವಾಗುತ್ತಿತ್ತು. ಅವರು ನಂಬಿ ಹೇಳುವುದರಿಂದಲೇ, ರೋಗಿಗಳು ಬಂದರೆ ಆಸ್ಪತ್ರೆ ಕೊಳೆಯಾದೀತಲ್ಲ ಎಂದು ಅರೆಗಳಿಗೆ ನಮಗೂ ಅನ್ನಿಸಿಬಿಡುತ್ತದೆ.

ಹಂಫ್ರಿಯ ಪಾತ್ರಕ್ಕಾಗಿ ನೈಜೆಲ್ ಹಾಥಾರ್ನ್ ನಾಲ್ಕು ಬಾರಿ ಬಾಫ್ಟಾ ಪ್ರಶಸ್ತಿ ಪಡೆದರು. ಉಸಿರು ಬಿಡದೆ ಅವರು ಉರುಳಿಸುವ ಉದ್ದುದ್ದದ ವಾಕ್ಯಗಳು ನಮ್ಮ ಸುತ್ತೋಲೆಗಳ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂಬ ಧಾಟಿಯ ಖಾಸಾ ಸೋದರರು.

ಇದು ಹಳತಾಗದಿರಲು ಇನ್ನೊಂದು ಕಾರಣವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಹ್ಯಾಕರ್ ಯಾವ ಪಕ್ಷದವನೆಂದು ಬರಹಗಾರರು ಎಲ್ಲಿಯೂ ಹೇಳಲಿಲ್ಲ. ಅಂದಂದಿನ ನಾಯಕರನ್ನು ಅಣಕಿಸುವ ಹಾಸ್ಯವು ಆ ನಾಯಕರೊಂದಿಗೇ ಮಾಸಿಹೋಗುತ್ತದೆ. ಇಲ್ಲಿ ಅಣಕಕ್ಕೆ ಸಿಕ್ಕಿರುವುದು ಕುರ್ಚಿ, ಕುಳಿತವನಲ್ಲ. ಅದಕ್ಕೇ 2001ರಲ್ಲಿ ಫಾರೂಕ್ ಶೇಖ್ ಮಂತ್ರಿಯಾಗಿ ನಟಿಸಿದ 'ಜೀ ಮಂತ್ರೀಜಿ' ಎಂಬ ಹಿಂದಿ ರೂಪಾಂತರಕ್ಕೆ ದೆಹಲಿಯ ಕಚೇರಿಗಳು ಸಲೀಸಾಗಿ ಒದಗಿಬಂದವು.

ಅಂದ ಹಾಗೆ, ನಮ್ಮ ಕಡತ ಎರಡು ವರ್ಷಗಳ ಬಳಿಕ ಸಿಕ್ಕಿತು. ಅದರ ಮೇಲೆ "ತುರ್ತು" ಎಂಬ ಕೆಂಪು ಚೀಟಿ ಅಂಟಿಸಿದ್ದರು.