ಎರಡನೇ ಬುಟ್ಟಿ ಇರುವುದು ಜಾಗಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಿಸಿ ಗಾಳಿಯಲ್ಲೇ ತಿಂಡಿಯನ್ನು ಗರಿಗರಿ ಮಾಡುವ ಎರಡು ಬುಟ್ಟಿಯ ಏರ್ ಫ್ರೈಯರ್ ಈಗ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಮನೆಗಳಿಗೂ ಬಂದಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನೋ ಮಗಳೋ ತಂದುಕೊಟ್ಟಿರುತ್ತಾರೆ, ಇಲ್ಲ ಹಬ್ಬದ ಆಫರ್‌ನಲ್ಲಿ ಕೊಂಡಿರುತ್ತಾರೆ. ಯಾರ ಮನೆಗೆ ಹೋದರೂ ಒಂದೇ ದೂರು ಕೇಳುತ್ತೇನೆ. ಬಣ್ಣ ಚೆನ್ನಾಗಿ ಬರುತ್ತೆ, ಬಾಯಿಗೆ ಹಾಕಿಕೊಂಡರೆ ಮೆತ್ತಗಿರುತ್ತೆ. ಎಣ್ಣೆ ಕಮ್ಮಿ ಆಯ್ತಾ? ಮೆಷಿನ್ನೇ ಸರಿಯಿಲ್ವಾ? ಬಹಳ ಸಲ ಎರಡೂ ಕಾರಣ ಅಲ್ಲ. ನೀರು ಹೊರಗೆ ಹೋಗೋದಕ್ಕೆ ನಾವು ದಾರಿ ಬಿಟ್ಟಿರುವುದಿಲ್ಲ, ಅಷ್ಟೇ. ಇವತ್ತು ಅದನ್ನೇ ವಿವರವಾಗಿ ಮಾತಾಡೋಣ.

ಒಳಗೆ ಏನು ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ. ಮೇಲ್ಗಡೆ ಕಾಯುವ ಸುರುಳಿ ಇದೆ, ಜೊತೆಗೆ ಒಂದು ಫ್ಯಾನ್ ಇದೆ. ಫ್ಯಾನ್ ಬಿಸಿ ಗಾಳಿಯನ್ನು ಜೋರಾಗಿ ತಿರುಗಿಸುತ್ತದೆ. ಆ ಗಾಳಿ ತಿಂಡಿಯ ಸುತ್ತ ಹರಿದು, ಕೆಳಗಿನ ತೂತಿನ ತಟ್ಟೆಯ ಸಂದಿಗಳಲ್ಲಿ ನುಗ್ಗಿ, ಮತ್ತೆ ಮೇಲಕ್ಕೆ ಹೋಗುತ್ತದೆ. 2010ರಲ್ಲಿ ಬರ್ಲಿನ್‌ನ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪನಿ ತನ್ನ ಏರ್ ಫ್ರೈಯರ್ ತೋರಿಸಿದಾಗಲೂ ತತ್ವ ಇದೇ, ಈಗಿನ ಎರಡು ಬುಟ್ಟಿಯದಕ್ಕೂ ಇದೇ. ಬಾಣಲೆಯಲ್ಲಿ ಎಣ್ಣೆ ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡಬೇಕು. ಆದರೆ ಎಣ್ಣೆ ಶಾಖ ಕೊಡುವಷ್ಟು ಬೇಗ ಗಾಳಿ ಕೊಡಲಾರದು. ಅದಕ್ಕೇ ನಾವು ಗಾಳಿಗೆ ನೆರವಾಗಬೇಕು.

ಈಗ ನೀರಿನ ಲೆಕ್ಕ ನೋಡಿ. ಅರ್ಧ ಕೆಜಿ ಆಲೂಗಡ್ಡೆ ಅಂದರೆ ಅದರಲ್ಲಿ ಹತ್ತಿರ ಹತ್ತಿರ 400 ಗ್ರಾಂ ನೀರೇ. ಚಿಕ್ಕಬಳ್ಳಾಪುರ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹೋಳಿನ ಮೇಲೆ ಒದ್ದೆ ಇರುವ ತನಕ, ನೀವು ಬಟನ್ ಒತ್ತಿ 200 ಡಿಗ್ರಿ ಇಟ್ಟರೂ, ಆ ಒದ್ದೆ ಜಾಗ ಈ ಕುದಿಯುವ ಬಿಸಿಯನ್ನು ದಾಟುವುದಿಲ್ಲ. ಕೆಂಪಗಾಗಿ ಒಳ್ಳೆ ಘಮ ಬರಬೇಕಾದರೆ ಮೇಲ್ಭಾಗ 140 ಡಿಗ್ರಿ ದಾಟಬೇಕು. ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಕ್ರಿಯೆ ಅದು. ಸಕ್ಕರೆಯ ಅಂಶ, ಪ್ರೋಟೀನಿನ ಅಂಶ ಎರಡೂ ಸೇರಿ ಬಣ್ಣ, ರುಚಿ ಹುಟ್ಟುವುದು. ಒದ್ದೆ ಇದ್ದರೆ ಆ ಹಂತಕ್ಕೆ ಹೋಗುವುದೇ ಇಲ್ಲ. ಇನ್ನೊಂದು ಮಾತು. ತಣ್ಣೀರನ್ನು ಕುದಿಸೋದಕ್ಕೆ ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡೋದಕ್ಕೆ ಅದರ ಏಳು ಪಟ್ಟು ಬೇಕು. ತೊಳೆದು ಹಾಗೇ ಹಾಕಿದ ಹೋಳುಗಳ ಮೇಲೆ ಎರಡು ಚಮಚ ನೀರು ಉಳಿದರೂ ಸಾಕು, ಅಷ್ಟು ಹೊತ್ತು ಮೆಷಿನ್ ಆ ನೀರಿಗೇ ದುಡಿಯುತ್ತದೆ.

ಹಾಗಾಗಿ ಒರೆಸಿ. ಹತ್ತಿ ಪಂಚೆಯ ತುಂಡೋ, ಹಳೇ ಸೀರೆಯ ತುಂಡೋ ಹಾಸಿ, ಅದರ ಮೇಲೆ ಹರಡಿ, ಮೇಲಿನಿಂದಲೂ ಒತ್ತಿ ಒರೆಸಿ. ಇದೊಂದು ಮಾಡಿದರೇ ವ್ಯತ್ಯಾಸ ಕಾಣುತ್ತದೆ.

ಇನ್ನು ಎರಡು ಬುಟ್ಟಿಯ ವಿಷಯ. ಅಂಗಡಿಯಲ್ಲಿ ಮಾರುವವರು ಹೇಳುವುದು ಏನು? ಎರಡು ಬುಟ್ಟಿ ಇದೆ, ಒಂದೇ ಸಲಕ್ಕೆ ಎರಡು ಪಟ್ಟು ಅಡುಗೆ. ನಾವೂ ಹಾಗೇ ನಂಬಿ ಎರಡನ್ನೂ ಕಂಠದವರೆಗೆ ತುಂಬುತ್ತೇವೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಗರಿಗರಿ ಬೇಕು ಅನ್ನುವ ದಿನ ಒಂದು ಬುಟ್ಟಿಗೆ ಹಿಡಿಸುವಷ್ಟನ್ನೇ ತಗೊಳ್ಳಿ, ಅದನ್ನು ಎರಡು ಬುಟ್ಟಿಗೆ ಹಂಚಿ. ಅರ್ಧ ಇಲ್ಲಿ, ಅರ್ಧ ಅಲ್ಲಿ, ಎರಡಕ್ಕೂ ಒಂದೇ ಡಿಗ್ರಿ, ಒಂದೇ ಸಮಯ. ಬಹಳಷ್ಟು ಮಾಡೆಲ್‌ಗಳಲ್ಲಿ ಒಂದು ಬುಟ್ಟಿಯ ಸೆಟ್ಟಿಂಗನ್ನು ಇನ್ನೊಂದಕ್ಕೂ ಕೊಡುವ ಬಟನ್ ಇರುತ್ತದೆ, ಅದನ್ನು ಒತ್ತಿದರೆ ಆಯ್ತು. ಒಗೆದ ಬಟ್ಟೆಯನ್ನು ಉಂಡೆ ಮಾಡಿ ಹಗ್ಗದ ಮೇಲೆ ಎಸೆದರೆ ಸಂಜೆಯಾದರೂ ಒಣಗಲ್ಲ, ಬಿಡಿಸಿ ಹಾಕಿದರೆ ಮಧ್ಯಾಹ್ನಕ್ಕೇ ಒಣಗುತ್ತೆ ಅಲ್ವಾ, ಇದೂ ಹಾಗೇ. ಹೋಳು ಹೋಳಿನ ನಡುವೆ ಗಾಳಿ ಓಡಾಡಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಹೋಳಿನಿಂದ ಎದ್ದ ಆವಿಯಲ್ಲಿ ಮೇಲಿನದು ಬೇಯುತ್ತದೆ, ಗರಿಯಾಗುವುದಿಲ್ಲ. ಎರಡು ಬುಟ್ಟಿಯ ಮೆಷಿನ್‌ಗಳಲ್ಲಿ ಬುಟ್ಟಿಗಳು ಉದ್ದ, ಅಗಲ ಕಮ್ಮಿ, ಆಳ ಜಾಸ್ತಿ. ಆಳ ಇದೆ ಅಂತ ತುಂಬೋದಕ್ಕೆ ಮನಸ್ಸಾಗುತ್ತದೆ. ತುಂಬಬೇಡಿ. ಒಂದು ಪದರ, ಬೆರಳು ಗಾತ್ರದ ಹೋಳಾದರೆ ಹೆಚ್ಚೆಂದರೆ ಸಡಿಲವಾಗಿ ಎರಡು ಪದರ, ಅಷ್ಟೇ.

ಕೆಳಗಿನ ತೂತಿನ ತಟ್ಟೆಯನ್ನು ತೆಗೆದಿಟ್ಟು ಅಡುಗೆ ಮಾಡುವವರಿದ್ದಾರೆ. ಕೆಲವರು ತೊಳೆಯೋ ಕಷ್ಟ ಬೇಡ ಅಂತ ಅದರ ಮೇಲೆ ಪೇಪರ್ ಹಾಸುತ್ತಾರೆ. ಎರಡೂ ಬೇಡ. ತೂತು ಮುಚ್ಚಿದ ಮೇಲೆ ಗಾಳಿ ಕೆಳಗಿಂದ ಬರುವುದು ಹೇಗೆ?

ಈಗ ಆಲೂಗಡ್ಡೆ. ನಮ್ಮ ಜಿಲ್ಲೆಗಳಲ್ಲಿ ಬೆಳೆಯುವ ತರಕಾರಿ, ಮಕ್ಕಳು ಕೇಳುವುದೂ ಇದನ್ನೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆರಳು ದಪ್ಪ, ಅಂದರೆ ಸುಮಾರು 1 ಸೆಂಟಿಮೀಟರ್, ಎಲ್ಲವೂ ಒಂದೇ ಅಳತೆಗೆ ಹೆಚ್ಚಿ. ದಪ್ಪ ತೆಳು ಬೆರೆತರೆ ತೆಳ್ಳಗಿನದು ಸೀದುಹೋಗುವಾಗ ದಪ್ಪಗಿನದು ಇನ್ನೂ ಹಸಿ. ಹೆಚ್ಚಿದ್ದನ್ನು ಅರ್ಧ ಗಂಟೆ ತಣ್ಣೀರಲ್ಲಿ ಬಿಡಿ. ಹೆಚ್ಚಿದಾಗ ಮೇಲೆ ಅಂಟಿಕೊಳ್ಳುವ ಬಿಳಿ ಹಿಟ್ಟು ನೀರಿಗೆ ಇಳಿಯುತ್ತದೆ, ನೀರು ಮಬ್ಬಾಗುವುದು ಅದಕ್ಕೇ. ಆ ಹಿಟ್ಟು ಹಾಗೇ ಉಳಿದರೆ ಹೋಳುಗಳು ಒಂದಕ್ಕೊಂದು ಅಂಟುತ್ತವೆ. ನೀರು ಬಸಿದು, ಚೆನ್ನಾಗಿ ಒರೆಸಿ, ಅರ್ಧ ಕೆಜಿಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಕೈಯಲ್ಲೇ ಕಲಸಿ. ಎಣ್ಣೆಯೇ ಬೇಡ ಅಂತ ಹಟ ಹಿಡಿಯಬೇಡಿ. ತೆಳ್ಳಗೆ ಎಣ್ಣೆ ಸವರಿದ ಮೇಲ್ಮೈ ಶಾಖವನ್ನು ಸಮನಾಗಿ ಹಿಡಿಯುತ್ತದೆ, ಬಣ್ಣ ಎಲ್ಲಾ ಕಡೆ ಒಂದೇ ತರಹ ಬರುತ್ತದೆ. ಎಣ್ಣೆ ಇಲ್ಲದ ಹೋಳು ಒಣಗುತ್ತದೆ, ಚರ್ಮದ ಹಾಗೆ ಜಗಿಯಬೇಕಾಗುತ್ತದೆ. ಉಪ್ಪು ಮಾತ್ರ ಈಗ ಹಾಕಬೇಡಿ. ಉಪ್ಪು ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಕಷ್ಟಪಟ್ಟು ಒರೆಸಿದ್ದು ಮತ್ತೆ ಒದ್ದೆಯಾಗುತ್ತದೆ. ತೆಗೆದ ಮೇಲೆ, ಬಿಸಿಯಿರುವಾಗಲೇ ಉದುರಿಸಿ.

ಶಾಖವನ್ನು ಎರಡು ಹಂತದಲ್ಲಿ ಕೊಡಿ. ಬುಟ್ಟಿಗಳನ್ನು ಖಾಲಿ ಮೂರು ನಾಲ್ಕು ನಿಮಿಷ ಕಾಯಿಸಿ, ಆಮೇಲೆ 160 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಒಳಗೆ ಬೇಯುತ್ತದೆ, ನೀರು ಹೋಗುತ್ತದೆ. ಆಮೇಲೆ 200ಕ್ಕೆ ಏರಿಸಿ ಆರೇಳು ನಿಮಿಷ. ಮೊದಲಿನಿಂದಲೇ 200 ಇಟ್ಟರೆ ಹೊರಗೆ ಬೇಗ ಬಣ್ಣ ಬರುತ್ತದೆ, ಆಯ್ತು ಅಂತ ತೆಗೆಯುತ್ತೀರಿ, ಒಳಗಿದ್ದ ನೀರು ಐದು ನಿಮಿಷದಲ್ಲಿ ಹೊರಗೆ ಬಂದು ಮೇಲಿನ ಗರಿಯನ್ನೆಲ್ಲ ಮೆತ್ತಗೆ ಮಾಡುತ್ತದೆ. ಕೋಲ್ಡ್ ಸ್ಟೋರೇಜಿನಿಂದ ಬಂದ ಆಲೂಗಡ್ಡೆ ಅಥವಾ ಮನೆಯ ಫ್ರಿಜ್ಜಲ್ಲಿ ಇಟ್ಟ ಆಲೂಗಡ್ಡೆ ಈ ವಿಷಯದಲ್ಲಿ ಇನ್ನೂ ಕಷ್ಟ. ಚಳಿಯಲ್ಲಿ ಅದರ ಹಿಟ್ಟು ಸಕ್ಕರೆಯಾಗುತ್ತದೆ, ಸಿಹಿ ಜಾಸ್ತಿಯಾಗಿ ಬೇಗ ಕಪ್ಪಗಾಗುತ್ತದೆ. ಕರಿಯೋದಕ್ಕೆ ಅಂತ ತಂದ ಆಲೂಗಡ್ಡೆಯನ್ನು ಹೊರಗೇ, ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಇಡಿ. ನಡುವೆ ನಾಲ್ಕೈದು ನಿಮಿಷಕ್ಕೊಮ್ಮೆ ಬುಟ್ಟಿ ಎಳೆದು ಕುಲುಕಿ. ಬೇಗ ಕುಲುಕಿ, ಬೇಗ ಮುಚ್ಚಿ.

ನಮ್ಮ ತಿಂಡಿಗಳಲ್ಲಿ ಯಾವುದು ಇದರಲ್ಲಿ ಆಗುತ್ತದೆ, ಯಾವುದು ಆಗಲ್ಲ ಅಂತಲೂ ನೇರವಾಗಿ ಹೇಳಿಬಿಡುತ್ತೇನೆ. ಬಜ್ಜಿ, ಬೋಂಡ ಆಗಲ್ಲ. ತೆಳು ಹಿಟ್ಟಿನಲ್ಲಿ ಅದ್ದಿದ್ದು ಎಣ್ಣೆಗೆ ಬಿದ್ದ ಕ್ಷಣವೇ ಗಟ್ಟಿಯಾಗುತ್ತದೆ, ಇಲ್ಲಿ ಗಟ್ಟಿಯಾಗುವ ಮೊದಲೇ ತೂತಿನಲ್ಲಿ ಸೋರುತ್ತದೆ. ಅದನ್ನು ಬಾಣಲೆಗೇ ಬಿಡಿ. ಅಂಬೊಡೆ ಆಗುತ್ತದೆ, ಚೆನ್ನಾಗೇ ಆಗುತ್ತದೆ. ಕಡಲೆಬೇಳೆ ನೆನೆಸಿ ಜರಡಿಯಲ್ಲಿ ಪೂರ್ತಿ ಬಸಿಯಿರಿ, ನೀರು ಹಾಕದೆ ತರಿತರಿಯಾಗಿ ರುಬ್ಬಿ, ಮಾಮೂಲಿಗಿಂತ ತೆಳ್ಳಗೆ ತಟ್ಟಿ. ಎರಡೂ ಬದಿಗೆ ಎಣ್ಣೆ ಸವರಿ 180 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ನಡುವೆ ಒಂದು ಸಲ ತಿರುವಿ, ಕೊನೆಯ ಎರಡು ನಿಮಿಷ 200. ಸಬ್ಬಸಿಗೆ ಸೊಪ್ಪು ಹಾಕುವವರು ಸೊಪ್ಪನ್ನು ಹಿಟ್ಟಿನ ಒಳಗೆ ಅಡಗಿಸಿ ತಟ್ಟಿ, ಹೊರಗೆ ಕಾಣುವ ಎಲೆ ಮೊದಲು ಸೀಯುತ್ತದೆ.

ಅವರೆಕಾಲದಲ್ಲಿ ನಮ್ಮ ಕಡೆ ಹಿದುಕಿದ ಬೇಳೆ ಕರಿಯದ ಮನೆ ಕಡಿಮೆ. ಅದನ್ನು ಏರ್ ಫ್ರೈಯರ್‌ನಲ್ಲಿ ಮಾಡಬಹುದು. ಬೇಳೆಯನ್ನು ಬಟ್ಟೆ ಮೇಲೆ ಒಂದೆರಡು ಗಂಟೆ ನೆರಳಲ್ಲಿ ಆರಲು ಬಿಡಿ, ಒಂದು ಲೋಟಕ್ಕೆ ಎರಡು ಸಣ್ಣ ಚಮಚ ಎಣ್ಣೆ, 160 ಡಿಗ್ರಿ, ಹದಿನೈದು ನಿಮಿಷದ ಆಸುಪಾಸು, ನಡುವೆ ಮೂರು ಸಲ ಕುಲುಕಬೇಕು. ಎಣ್ಣೆಯಲ್ಲಿ ಕರಿದ ಬೇಳೆಯಷ್ಟು ಹಗುರವಾಗಿ ಉಬ್ಬುವುದಿಲ್ಲ, ಸ್ವಲ್ಪ ಗಟ್ಟಿ ಕುರುಕಲು. ನನಗೆ ಇಷ್ಟ, ನಿಮಗೆ ಹೇಗೋ ಮಾಡಿ ನೋಡಿ. ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೀಜ ಸಿಕ್ಕರೆ ಅದಕ್ಕೂ 160 ಡಿಗ್ರಿಯೇ, ಹತ್ತು ನಿಮಿಷ. ಬೀಜ ಕೊನೆಯಲ್ಲಿ ಒಮ್ಮೆಲೇ ಕೆಂಪಾಗುತ್ತದೆ, ಅಲ್ಲೇ ನಿಂತು ನೋಡಬೇಕು. ಕರಿಬೇವಿನ ಎಲೆಯನ್ನು ಮಾತ್ರ ಬಿಡಿಯಾಗಿ ಹಾಕಬೇಡಿ. ಫ್ಯಾನಿನ ಗಾಳಿಗೆ ಹಾರಿ ಕಾಯುವ ಸುರುಳಿಗೆ ಅಂಟಿದರೆ ಸುಟ್ಟ ವಾಸನೆ. ಹಪ್ಪಳಕ್ಕೂ ಇದೇ ಮಾತು, ಮೇಲೊಂದು ಸಣ್ಣ ಸ್ಟ್ಯಾಂಡ್ ಇಟ್ಟು ಒತ್ತಿ ಹಿಡಿಸಬೇಕು. ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿ ಮಿಕ್ಕಿದೆ ಅನ್ನಿ. ರಾತ್ರಿ ಫ್ರಿಜ್ಜಲ್ಲಿಟ್ಟು ಗಟ್ಟಿಯಾದ ಮೇಲೆ ಚೌಕ ಚೌಕ ಹೆಚ್ಚಿ, ಎಣ್ಣೆ, ಚಟ್ನಿಪುಡಿ ಸವರಿ, 200 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ. ಹೊರಗೆ ಗರಿ, ಒಳಗೆ ಮೃದು.

ಕಬಾಬ್ ಮಾಡುವವರು ಮಸಾಲೆಯನ್ನು ಗಟ್ಟಿಯಾಗಿ ಕಲಸಿ. ಮೊಸರು ಹಾಕುವುದಾದರೆ ನೀರು ಬಸಿದ ಮೊಸರು. ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್ ಸೇರಿಸಿ, ಹಿಟ್ಟು ಕಲಸಿದ್ದು ಬಿಳಿಬಿಳಿಯಾಗಿ ಕಾಣಬಾರದು, ಒಣಹಿಟ್ಟಿನ ಮೇಲೆ ಎಣ್ಣೆ ತಾಗದಿದ್ದರೆ ಅದು ಹಿಟ್ಟಾಗೇ ಉಳಿಯುತ್ತದೆ. ಕೋಳಿ ಒಳಗೆ 74 ಡಿಗ್ರಿ ಮುಟ್ಟಬೇಕು, ಗರಿಯ ಆಸೆಗೆ ಹಸಿ ತೆಗೆಯಬಾರದು.

ಈಗ ಒಂದು ಬುಟ್ಟಿಯಲ್ಲಿ ಕಬಾಬ್, ಇನ್ನೊಂದರಲ್ಲಿ ಆಲೂಗಡ್ಡೆ ಇಟ್ಟಿದ್ದೀರಿ. ಎರಡೂ ಒಟ್ಟಿಗೆ ಮುಗಿಯುವಂತೆ ಮಾಡುವ ಬಟನ್ ಇದೆ, ಕಡಿಮೆ ಹೊತ್ತಿನ ಬುಟ್ಟಿ ಸುಮ್ಮನಿದ್ದು ತಡವಾಗಿ ಶುರುವಾಗುತ್ತದೆ. ಅನುಕೂಲವೇ. ಆದರೆ ಗರಿ ಬೇಕಾದಾಗ ನಾನು ಆ ಬಟನ್ ಬಳಸುವುದಿಲ್ಲ. ಮಾಂಸ ತೆಗೆದ ಮೇಲೆ ಐದು ನಿಮಿಷ ಹಾಗೇ ಇಟ್ಟರೆ ರಸ ಒಳಗೇ ನಿಲ್ಲುತ್ತದೆ, ಒಳ್ಳೆಯದೇ. ಆಲೂಗಡ್ಡೆಗೆ ಆ ತಾಳ್ಮೆ ಇಲ್ಲ, ಬುಟ್ಟಿಯಿಂದ ಸೀದಾ ತಟ್ಟೆಗೆ ಬರಬೇಕು. ಅದಕ್ಕೆ ಕಬಾಬ್ ಐದು ನಿಮಿಷ ಮುಂಚೆ, ಆಲೂಗಡ್ಡೆ ಕೊನೆಗೆ ಮುಗಿಯುವ ಹಾಗೆ ಬೇರೆ ಬೇರೆ ಟೈಮ್ ಇಡಿ.

ಕರೆಂಟಿನ ಮಾತು ಯಾರೂ ಆಡುವುದಿಲ್ಲ, ನಮ್ಮ ಊರುಗಳಲ್ಲಿ ಅದನ್ನು ಆಡಲೇಬೇಕು. ಗೋಡೆಯಲ್ಲಿರುವ ಸಣ್ಣ ಪಾಯಿಂಟ್ 6 ಆಂಪಿನದು, 230 ವೋಲ್ಟಿನಲ್ಲಿ ಅದು ತಡೆಯುವುದು 1380 ವ್ಯಾಟ್. ಎರಡು ಬುಟ್ಟಿಯ ಮೆಷಿನ್‌ಗಳು ಸಾಮಾನ್ಯವಾಗಿ ಅದನ್ನು ಮೀರುತ್ತವೆ, 2400 ವ್ಯಾಟಿನವೂ ಇವೆ. ಗೀಸರಿಗೆ ಇರುವಂಥ 16 ಆಂಪಿನ ದೊಡ್ಡ ಪಾಯಿಂಟೇ ಬೇಕು. ಕನ್ವರ್ಟರ್ ಪ್ಲಗ್ ಹಾಕಿ ಸಣ್ಣ ಪಾಯಿಂಟಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಬೇಡಿ, ವೈರ್ ಕಾಯ್ದು ಕರಗುತ್ತದೆ, ಬೆಂಕಿ ಹತ್ತಬಹುದು. ಇನ್ನು ವೋಲ್ಟೇಜ್. ಸುರುಳಿ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ, ತಕ್ಕಂತೆ ಇಳಿಯುತ್ತದೆ. 230 ಬರಬೇಕಾದಲ್ಲಿ 200 ಬಂದರೆ ಶಾಖ ಮುಕ್ಕಾಲು ಭಾಗಕ್ಕೆ ಬರುತ್ತದೆ, 180 ಬಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಬೇಸಿಗೆ ಸಂಜೆ ಲೈಟ್ ಮಂಕಾಗಿರುವಾಗ ಎರಡೂ ಬುಟ್ಟಿ ಹಾಕಿದರೆ 200 ಡಿಗ್ರಿ ಮುಟ್ಟೋದಕ್ಕೇ ಒದ್ದಾಡುತ್ತದೆ, ಒಂದು ಸಲ ಬುಟ್ಟಿ ಎಳೆದರೆ ಕಳೆದುಹೋದ ಬಿಸಿ ಮತ್ತೆ ಏರೋದಕ್ಕೆ ಹೊತ್ತು ಹಿಡಿಯುತ್ತದೆ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಬರೆದ ನಿಮಿಷ ಆಗ ಸಾಲುವುದಿಲ್ಲ. ಅಂಥ ಹೊತ್ತಲ್ಲಿ ಜಾಸ್ತಿ ಹೊತ್ತು ಕಾಯಿಸಿ, ಕಮ್ಮಿ ಹಾಕಿ, ಸಮಯಕ್ಕೆ ನಾಲ್ಕು ನಿಮಿಷ ಸೇರಿಸಿ. ಮೆಷಿನ್‌ನ ಹಿಂದೆ ಒಂದು ಗೇಣಾದರೂ ಜಾಗ ಬಿಡಿ, ಆವಿ ಹೊರಗೆ ಹೋಗುವುದು ಅಲ್ಲಿಂದಲೇ.

ತೆಗೆದ ಮೇಲಿನ ಐದು ನಿಮಿಷವೂ ಅಡುಗೆಯ ಭಾಗವೇ. ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರೆ ಹತ್ತು ನಿಮಿಷದಲ್ಲಿ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ, ಆ ಹನಿ ತಿಂಡಿ ಮೇಲೇ ಬೀಳುತ್ತದೆ. ತಂತಿ ಜಾಲರಿ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಬಿದಿರಿನ ಮೊರದಲ್ಲಿ ಹರಡಿ. ಡಬ್ಬಿಗೆ ಹಾಕುವುದು ಪೂರ್ತಿ ಆರಿದ ಮೇಲೆ. ಮಿಕ್ಕಿದ್ದು ಮಾರನೇ ದಿನ ಮೆತ್ತಗಾಗಿದ್ದರೆ ಮೈಕ್ರೋವೇವ್ ಬೇಡ, ಇದರಲ್ಲೇ 180 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ, ಆಗಲೂ ಎರಡು ಬುಟ್ಟಿಗೆ ಹಂಚಿ. ಪ್ಲಗ್ ತೆಗೆದು ಮೆಷಿನ್ ತಣ್ಣಗಾದ ಮೇಲೆ ಮೇಲಿನ ಸುರುಳಿಗೆ ಹತ್ತಿದ ಜಿಡ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡಿ, ತೂತಿನ ತಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಮೆತ್ತನೆ ಸ್ಪಂಜಲ್ಲಿ ಉಜ್ಜಿ. ಸ್ಟೀಲ್ ನಾರು ತಾಗಿದರೆ ಕೋಟಿಂಗ್ ಹೋಗುತ್ತದೆ, ಆಮೇಲೆ ತಿಂಡಿ ಅಂಟಿ, ಬಿಡಿಸುವಾಗ ಗರಿಯಾದ ಪದರವೇ ತಟ್ಟೆಗೆ ಉಳಿಯುತ್ತದೆ.

ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.