ಮೊದಲು ಉಕ್ಕು ಕೇಳಿ, ಆಮೇಲೆ ರಾಡ್ ಮುಟ್ಟಿ

ಕೇಳುಗರಿಗೆ ನಮಸ್ಕಾರ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ಸೋಮವಾರಪೇಟೆಯ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡುವ ಹುಡುಗರೇ, ಈ ಮಾತು ನಿಮಗೆ. ಈಗ ಆರ್ಗಾನ್ ಗ್ಯಾಸ್‌ನ ರಕ್ಷಣೆಯಲ್ಲಿ ಆರ್ಕ್‌ನಿಂದ ಬೆಸೆಯುವ ಟಿಗ್ ಮೆಷಿನ್ ಬಂದಿದೆ, ಆರ್ಗಾನ್ ಸಿಲಿಂಡರ್ ಬಂದಿದೆ. ತುಂಬಾ ಸಂತೋಷ. ಆದರೆ ಜೋಡಣೆಗೆ ಕರಗಿಸಿ ತುಂಬುವ ರಾಡ್ ಮಾತ್ರ ಇನ್ನೂ ಕೈಗೆ ಸಿಕ್ಕಿದ್ದು! ಮೊದಲು ಉಕ್ಕು ಯಾವುದು ಅಂತ ಕೇಳಿ, ಆಮೇಲೆ ರಾಡ್ ಮುಟ್ಟಿ. ನಾನು ಹೇಳಬೇಕಾಗಿರುವುದು ಇಷ್ಟೇ.

ಸಿದ್ದಾಪುರದ ಕಡೆ ಒಂದು ತೋಟ. ರೋಬಸ್ಟಾ ಕೊಯ್ಲು ಜೋರಾಗಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಶಾಫ್ಟ್ ತುಂಡಾಯಿತು. ಕೊಯ್ದ ಹಣ್ಣು ಕಾಯುವುದಿಲ್ಲ, ನಿಮಗೆ ಗೊತ್ತಲ್ಲ. ವೆಲ್ಡಿಂಗ್‌ಗೆ ಬಂದ ಹುಡುಗನ ಕೈ ಒಳ್ಳೆಯದು. ಅದೇ ಶಾಫ್ಟ್‌ನಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿ ಅದನ್ನೇ ರಾಡ್ ಮಾಡಿಕೊಂಡ. ಬೀಡ್, ಅಂದರೆ ವೆಲ್ಡ್‌ನ ಗೆರೆ, ನೋಡಲು ಅಷ್ಟು ಚಂದ. ಬೆಳಿಗ್ಗೆ ನೋಡಿದರೆ ಬೀಡ್ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಮೆಷಿನ್ ಇನ್ನೂ ಓಡಿಸಿಯೇ ಇರಲಿಲ್ಲ!

ನನ್ನನ್ನು ಕರೆದರು. "ಯಾವ ಉಕ್ಕು ಇದು?" ಅಂದೆ. "ಗಟ್ಟಿ ಉಕ್ಕು ಸಾರ್" ಅಂದ. ಗಟ್ಟಿ ಅನ್ನುವುದು ಉಕ್ಕಿನ ಹೆಸರಲ್ಲ. ಗ್ರೈಂಡರ್‌ಗೆ ಹಿಡಿದೆವು. ಮೈಲ್ಡ್ ಸ್ಟೀಲ್‌ನ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ. ಇಲ್ಲಿ ಕಿಡಿ ತುದಿಯಲ್ಲಿ ಪಟಪಟ ಒಡೆದು ಚದುರಿತು, ಅಂದರೆ ಕಾರ್ಬನ್ ಜಾಸ್ತಿ. ಮಾಲೀಕರು ಹಳೇ ಬಿಲ್ ಹುಡುಕಿ ತಂದರು. ಉಕ್ಕಿನ ಹೆಸರು ಇಎನ್19. ಕ್ರೋಮಿಯಂ, ಮಾಲಿಬ್ಡಿನಂ, ಜೊತೆಗೆ ಸುಮಾರು 0.4 ಶೇಕಡಾ ಕಾರ್ಬನ್. ಕಾಯಿಸಿ ಬೇಗ ತಣಿಸಿದರೆ ಗಾಜಿನ ಹಾಗೆ ಬಿರುಸಾಗುವ ಉಕ್ಕು. ಎಣ್ಣೆಯಿಂದಲೋ ತೇವದಿಂದಲೋ ಹೈಡ್ರೋಜನ್ ಒಳಸೇರಿದರೆ ಬಿರುಕು ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳುತ್ತದೆ.

ಹಳೇ ವೆಲ್ಡ್ ಪೂರ್ತಿ ಕಡಿದು ತೆಗೆಸಿದೆ. ಎಣ್ಣೆ ಒರೆಸಿ, ಟಾರ್ಚ್‌ನಿಂದ ನಿಧಾನವಾಗಿ 250 ಡಿಗ್ರಿವರೆಗೆ ಕಾಯಿಸಿದೆವು. ರಾಡ್ ಇಆರ್70ಎಸ್-2. ಹುಡುಗ ಕೇಳಿದ, "ಸಾರ್, ಇದು ಮೆತ್ತಗಿನ ರಾಡ್ ಅಲ್ವಾ?" ಹೌದು, ಅದಕ್ಕೇ ಹಾಕಿದ್ದು! 70 ಅಂದರೆ ಚದರ ಇಂಚಿಗೆ 70,000 ಪೌಂಡ್ ಎಳೆತ ತಡೆಯುವ ರಾಡ್. ಶಾಫ್ಟ್‌ನ ಉಕ್ಕೂ ಕರಗಿ ಅದರಲ್ಲಿ ಬೆರೆಯುತ್ತದೆ, ಬಲ ಇನ್ನೂ ಏರುತ್ತದೆ. ಆದರೂ ವೆಲ್ಡ್ ಸ್ವಲ್ಪ ಬಗ್ಗುತ್ತದೆ, ಒಡೆಯುವುದಿಲ್ಲ. ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತಿಟ್ಟು ತಣಿಸಿದೆವು. ಆ ಕೊಯ್ಲು ಮುಗಿಯುವವರೆಗೂ ಪಲ್ಪರ್ ಓಡಿತು. ಉಕ್ಕಿನ ಹೆಸರು ಮೊದಲೇ ಕೇಳಿದ್ದರೆ ಒಂದು ದಿನ ಉಳಿಯುತ್ತಿತ್ತು.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಇನ್ನೂ ಬಲ ಬೇಕಾದರೆ ಇಆರ್80ಎಸ್-ಡಿ2. 4130 ಕ್ರೋಮೋಲಿ, ಅಂದರೆ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಪೈಪ್‌ಗೆ ಈ ಎರಡರಲ್ಲಿ ಒಂದು. ಸ್ಟೇನ್‌ಲೆಸ್‌ಗೆ ಮೈಲ್ಡ್ ಸ್ಟೀಲ್ ಸೇರಿಸಲು 309ಎಲ್ ರಾಡ್. ಬಾಯ್ಲರ್ ಟ್ಯೂಬ್ ಆದರೆ ಊಹೆ ಬೇಡವೇ ಬೇಡ, ಅದಕ್ಕೆ ಬಿ2, ಬಿ3 ಅಂತ ಬೇರೆ ರಾಡ್‌ಗಳಿವೆ. ಡ್ರಾಯಿಂಗ್‌ನಲ್ಲಿ ಬರೆದದ್ದನ್ನೇ ಹಾಕಿ.

ತಾಮ್ರದ ಬಣ್ಣ ನೋಡಿ ಗ್ಯಾಸ್ ವೆಲ್ಡಿಂಗ್ ರಾಡ್ ಎತ್ತಿಕೊಳ್ಳಬೇಡಿ. ಟಿಗ್‌ನಲ್ಲಿ ಅದು ಸೂಜಿ ತೂತು ಬಿಡುತ್ತದೆ. ರಾಡ್ ತುದಿಯಲ್ಲಿ ಒತ್ತಿರುವ ನಂಬರ್ ಓದಿ. ನಂಬರ್ ಇರುವ ತುದಿಯನ್ನು ಕೈಯಲ್ಲಿ ಹಿಡಿದು ಇನ್ನೊಂದು ತುದಿಯಿಂದ ಕರಗಿಸಿ. ನಮ್ಮ ಮಳೆಗಾಲದಲ್ಲಿ ಬಿಚ್ಚಿಟ್ಟ ರಾಡ್‌ಗೆ ಬೇಗ ತುಕ್ಕು ಹಿಡಿಯುತ್ತದೆ. ಮುಚ್ಚಳ ಇರುವ ಪೈಪ್‌ನಲ್ಲಿಡಿ. ಹಾಕುವ ಮೊದಲು ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಆರ್ಕ್ ಹಚ್ಚಿ. ನಮಸ್ಕಾರ.