ಲಾರಿಯ ಜೋಡಿ ಟೈರ್: 35 ಮಿಲಿಮೀಟರ್ ವ್ಯತ್ಯಾಸ ಏನು ಮಾಡುತ್ತೆ?

[ದೃಶ್ಯ: ಲಾರಿಯ ಹಿಂದಿನ ಜೋಡಿ ಚಕ್ರ, ಹತ್ತಿರದಿಂದ]

ನಮಸ್ಕಾರ. ಈ ಜೋಡಿ ನೋಡಿ. ಹೊರಗಿರೋದು 10.00 ಆರ್ 20. ಒಳಗಿರೋದು 9.00 ಆರ್ 20. ಮೊದಲ ಅಂಕಿ ಇಂಚಿನಲ್ಲಿ ಟೈರಿನ ಅಗಲ, ಆರ್ ಅಂದ್ರೆ ರೇಡಿಯಲ್. ಎರಡಕ್ಕೂ 20 ಇಂಚಿನ ರಿಮ್ಮೇ. ನಟ್ ಕೂತಿದೆ, ಗಾಳಿ ನಿಂತಿದೆ, ಲಾರಿ ಓಡುತ್ತೆ. ರಾತ್ರಿ ಹೆದ್ದಾರಿಯಲ್ಲಿ ಟೈರ್ ಹೋದಾಗ ಸ್ಟೆಪ್ನಿ ಯಾವುದಿದೆಯೋ ಅದನ್ನೇ ಹಾಕ್ತಾರೆ, ಬೇರೆ ದಾರಿ ಇರಲ್ಲ. ಆದರೆ ಊರು ಸೇರಿದ ಮೇಲೂ, ಮುಂದಿನ ಲೋಡಿಗೂ ಅದು ಅಲ್ಲೇ ಉಳಿದುಬಿಡುತ್ತೆ. ನನ್ನ ತಕರಾರು ಇರೋದು ಅಲ್ಲಿ.

[ಗ್ರಾಫಿಕ್: ಎರಡು ಟೈರ್ ಅಕ್ಕಪಕ್ಕ]

ಹೊಸ 10.00 ರೇಡಿಯಲ್ ಟೈರಿನ ಎತ್ತರ ಸುಮಾರು 1,054 ಮಿಲಿಮೀಟರ್. 9.00ರದ್ದು ಸುಮಾರು 1,019. ವ್ಯತ್ಯಾಸ 35 ಮಿಲಿಮೀಟರ್. ಅಷ್ಟೇನಾ ಅನ್ನಿಸಬಹುದು. ಆದರೆ ಸುತ್ತಳತೆಯಲ್ಲಿ ಅದು 110 ಮಿಲಿಮೀಟರ್ ಆಗುತ್ತೆ. ಒಂದು ಕಿಲೋಮೀಟರಿಗೆ ಚಕ್ರ 300ಕ್ಕಿಂತ ಹೆಚ್ಚು ಸುತ್ತು ಹಾಕುತ್ತೆ. ಗುಣಿಸಿ ನೋಡಿ: ಹತ್ತಿರ ಹತ್ತಿರ 33 ಮೀಟರ್.

ಎರಡೂ ಟೈರ್ ಚಕ್ರದ ನಡುವಿನ ಒಂದೇ ಹಬ್‌ಗೆ ಬಿಗಿದಿವೆ. ಒಂದು ಹೆಚ್ಚು, ಒಂದು ಕಡಿಮೆ ಸುತ್ತೋಕೆ ಆಗಲ್ಲ. ಹಾಗಾಗಿ ಆ 33 ಮೀಟರನ್ನ ಟೈರು ಉರುಳಿ ದಾಟಲ್ಲ, ಡಾಂಬರಿಗೆ ಉಜ್ಜಿಕೊಂಡು ದಾಟುತ್ತೆ. ಹೆಚ್ಚಾಗಿ ಈ ಪಾಡು ಚಿಕ್ಕದರದ್ದು. ಬೆಂಗಳೂರಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಅದರಲ್ಲಿ 13 ಕಿಲೋಮೀಟರ್ ಬರೀ ಉಜ್ಜಾಟ! ಲೋಡ್ ಬಿದ್ದಾಗ ದೊಡ್ಡ ಟೈರ್ ಕೊಂಚ ಕುಗ್ಗೋದರಿಂದ ಲೆಕ್ಕ ಸ್ವಲ್ಪ ಇಳಿಯಬಹುದು. ಉಜ್ಜಾಟ ನಿಲ್ಲಲ್ಲ.

ದೊಡ್ಡ ಟೈರಿಗೆ ಇನ್ನೊಂದು ಕಷ್ಟ: ಭಾರ. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ (ಎರಡೂ ಬದಿಯ ಚಕ್ರ ಜೋಡಿಸೋ ಅಡ್ಡ ದಂಡ) ಮೊದಲು 10.2 ಟನ್ ಮಿತಿ ಇತ್ತು, 2018ರ ಜುಲೈಯಲ್ಲಿ 11.5 ಟನ್ ಆಯಿತು. ಸಮವಾಗಿ ಹಂಚಿದರೇ ಟೈರಿಗೆ 2,875 ಕಿಲೋ. ಈಗ ಟೈರಿನ ಪಕ್ಕದಲ್ಲಿ ಬರೆದಿರೋದನ್ನ ಓದಿ.

[ದೃಶ್ಯ: ಟೈರಿನ ಪಕ್ಕದ ಬರಹ, 146/143]

ಜೋಡಿಯಲ್ಲಿ ಹಾಕುವಾಗ ಲೆಕ್ಕಕ್ಕೆ ಬರೋದು ಎರಡನೇ ಅಂಕಿ. 143 ಅಂದ್ರೆ 2,725 ಕಿಲೋ. ಒಂಟಿಯಾಗಿ ಹಾಕಿದಾಗಿನ 146 ಅಂದ್ರೆ 3,000. ಅಂದರೆ ಎರಡೂ ಒಂದೇ ಸೈಜ್ ಇದ್ದಾಗಲೇ ಪೂರ್ತಿ ಲೋಡಿಗೆ 143 ಸಾಲಲ್ಲ. ಇನ್ನು ಪಕ್ಕದ ಟೈರ್ ಕುಳ್ಳಗಿದ್ದರೆ ಎತ್ತರದ್ದೇ ಹೆಚ್ಚು ಹೊರುತ್ತೆ, ಹೊಟ್ಟೆ ಉಬ್ಬುತ್ತೆ, ಕಾಯುತ್ತೆ. ಉಬ್ಬಿದ ಹೊಟ್ಟೆ ಜೊತೆಯ ಟೈರಿಗೆ ತಾಗಿದರೆ ಎರಡೂ ಹಾಳು. ತುಂಬಿದ ಲಾರಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕಿನ ಕಾವೂ ಇದಕ್ಕೆ ಸೇರುತ್ತೆ. ಆಗ ಟೈರ್ ಸಿಡಿದರೆ ಕ್ಯಾಬಿನ್‌ನಲ್ಲಿ ಕೂತವರ ಗತಿ ಏನು ಅಂತ ಯೋಚಿಸಿದರೇ ಎದೆ ನಡುಗುತ್ತೆ.

ಹಾಗಾದ್ರೆ ಎಡಗಡೆ ಎರಡೂ ದೊಡ್ಡದು, ಬಲಗಡೆ ಎರಡೂ ಚಿಕ್ಕದು ಹಾಕಿದರೆ? ಉಜ್ಜಾಟ ತಪ್ಪುತ್ತೆ, ಆದರೆ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಡಿಫರೆನ್ಷಿಯಲ್‌ಗೆ ಪೆಟ್ಟು. ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಅದರ ಒಳಗಿನ ಚಿಕ್ಕ ಗಿಯರ್‌ಗಳು ನೇರ ರಸ್ತೆಯಲ್ಲೂ ಸುತ್ತುತ್ತಲೇ ಇರುತ್ತವೆ. ಹಿಂದಿನ ಎರಡೂ ಆಕ್ಸಲ್‌ಗೆ ಡ್ರೈವ್ ಇರೋ ಟಿಪ್ಪರ್‌ನಲ್ಲಿ ಮುಂದಿನದಕ್ಕೊಂದು, ಹಿಂದಿನದಕ್ಕೊಂದು ಸೈಜ್ ಹಾಕಿ, ಗಟ್ಟಿ ರಸ್ತೆಯಲ್ಲಿ, ಎರಡೂ ಆಕ್ಸಲ್ ಒಂದೇ ವೇಗದಲ್ಲಿ ಸುತ್ತೋ ಹಾಗೆ ಮಾಡೋ ಲಾಕ್ ಒತ್ತಿದರೆ ಎರಡು ಆಕ್ಸಲ್ ಒಂದರ ವಿರುದ್ಧ ಒಂದು ಎಳೆದಾಡುತ್ತವೆ.

[ದೃಶ್ಯ: ಟೈರಿನ ಸುತ್ತ ಟೇಪ್]

ಎಷ್ಟು ವ್ಯತ್ಯಾಸ ನಡೆಯುತ್ತೆ? ಜೋಡಿಯಲ್ಲಿ ವ್ಯಾಸ 6 ಮಿಲಿಮೀಟರ್ ಒಳಗಿರಲಿ. ಟೇಪ್ ಸುತ್ತಿದರೆ ಅದು 19 ಮಿಲಿಮೀಟರ್. ಹಾಗಾಗಿ ಪೂರ್ತಿ ಸವೆದ ಟೈರ್ ಪಕ್ಕ ಹೊಸದು ಕೂರಿಸೋದೂ ತಪ್ಪೇ, ಸೈಜ್ ಒಂದೇ ಇದ್ದರೂ. ಟೈರಿನ ಮೇಲಿನ ಗೀರುಗಳ ಆಳದಲ್ಲಿ 3 ಮಿಲಿಮೀಟರ್ ವ್ಯತ್ಯಾಸ ಬಂದರೆ ಮಿತಿ ಮುಗೀತು. ಅಷ್ಟರೊಳಗಿನ ವ್ಯತ್ಯಾಸ ಇದ್ದರೆ ದೊಡ್ಡದನ್ನ ಹೊರಗಡೆ ಹಾಕಿ. ರಸ್ತೆಯ ನಡು ಉಬ್ಬಿರೋದರಿಂದ ಒಳಗಿನದಕ್ಕೆ ಮೊದಲೇ ಭಾರ ಜಾಸ್ತಿ. ಒಳಗಿನ ದಾರ ಓರೆಯಾಗಿರೋ ನೈಲಾನ್ ಟೈರ್ ಮತ್ತು ದಾರ ನೇರ ಅಡ್ಡಕ್ಕಿರೋ ರೇಡಿಯಲ್ ಟೈರ್ ಮಾತ್ರ ಒಂದೇ ಆಕ್ಸಲ್‌ನಲ್ಲಿ ಬೇಡವೇ ಬೇಡ, ಅಳತೆ ಸರಿ ಇದ್ದರೂ.

ಕೊನೆಯದಾಗಿ ಗಾಳಿ. ಒಳ ಟೈರಿನ ವಾಲ್ವ್‌ಗೆ ಕೈ ಹೋಗಲ್ಲ ಅಂತ ಎಷ್ಟೋ ಜನ ಅದನ್ನ ನೋಡೋದೇ ಇಲ್ಲ. ಗಾಳಿ ಇಳಿದ ಟೈರ್ ಚಿಕ್ಕ ಟೈರ್ ಇದ್ದ ಹಾಗೇ, ಭಾರವೆಲ್ಲ ಪಕ್ಕದ್ದಕ್ಕೆ ಬೀಳುತ್ತೆ. ವಾಲ್ವ್‌ಗೆ ಉದ್ದ ಮಾಡೋ ಪೈಪ್ ಸಿಗುತ್ತೆ, ಹಾಕಿಸಿಕೊಳ್ಳಿ. ಬೆಳಿಗ್ಗೆ ಗಾಡಿ ಎತ್ತೋ ಮುಂಚೆ, ಟೈರ್ ತಣ್ಣಗಿರುವಾಗಲೇ ಗೇಜ್ ಇಟ್ಟು ನೋಡಿ. ಮೊದಲು ಒಳಗಿನದು, ಆಮೇಲೆ ಹೊರಗಿನದು.